ಬಣ್ಣ ಹಿಡಿಸುವ ರೇವಣಸಿದ್ಧ

ನಾನು ರೇವಣಸಿದ್ಧನನ್ನು ಮೊದಲು ಕಂಡದ್ದು ನಮ್ಮ ಸೀಮೆಯ ಊರುಗಳನ್ನು ಕೆಡವಿದ ಭೂಕಂಪದ ಮರುವರ್ಷ, ೧೯೯೪ರ ಜನವರಿಯಲ್ಲಿ. ತುರೋರಿ ಹತ್ತಿರದ ನಮ್ಮ ಶಾಲೆ ಆಗ ತಗಡಿನ ಶೆಡ್ಡಿನಲ್ಲಿ ನಡೆಯುತ್ತಿತ್ತು. ಕವಾಯತಿಗೆಂದು ಅರವತ್ತು ಬನಿಯನ್‌ಗಳ ಮೇಲೆ ಶಾಲೆಯ ಹೆಸರು ಹಾಕಿಸಬೇಕಾಗಿತ್ತು. ಜಾಲರಿ ಬಿಗಿದ ಮರದ ಚೌಕಟ್ಟು, ಬಣ್ಣದ ಡಬ್ಬಿ, ರಬ್ಬರಿನ ಪಟ್ಟಿ, ಜೊತೆಗೆ ಹೊಸದಾಗಿ ಮದುವೆಯಾದ ಹೆಂಡತಿ ಕುಸುಮಬಾಯಿ: ಇಷ್ಟರೊಂದಿಗೆ ಅವನು ಉಮರ್ಗಾದಿಂದ ಬಸ್ಸಿನಲ್ಲಿ ಬಂದಿಳಿದ. ಆಕೆ ಬನಿಯನ್ ಹಾಸುವಳು, ಇವನು ಚೌಕಟ್ಟಿಟ್ಟು ಬಣ್ಣ ಸುರಿದು ಪಟ್ಟಿ ಎಳೆಯುವನು, ಜಾಲರಿಯಿಂದ ಅಕ್ಷರ ಇಳಿಯುವುದು.

"ಬಾಯಿಯವರು ಎಷ್ಟು ನೇರವಾಗಿ ಹಾಸುತ್ತಾರೆ!" ಎಂದು ನಾನು ಮೆಚ್ಚಿದೆ.

"ಹಾಸೋದ್ರಾಗ ಏನದ್ರಿ ಮಾಸ್ತರ? ಅಕ್ಷರ ನೋಡ್ರಿ, ಅಕ್ಷರ," ಎಂದ ಅವನು. ಕುಸುಮಬಾಯಿ ಸೆರಗು ಬಾಯಿಗೆ ಹಿಡಿದು ನಕ್ಕಳು.

ಅವನ ಅಕ್ಷರಗಳು ನಿಜಕ್ಕೂ ಚೆಂದವಾಗಿದ್ದವು. ಉಮರ್ಗಾದ ಬಸ್ ನಿಲ್ದಾಣದ ಬಳಿ ಅಂಗಡಿ ಹಾಕಿದ ಮೇಲೆ ನಿಲಂಗಾ, ಔರಾದಗಳಿಂದಲೂ ಜನ ಅವನನ್ನು ಹುಡುಕಿಕೊಂಡು ಬರುತ್ತಿದ್ದರು. ಒಳಗೆ ಒಣಹಾಕುವುದು, ಮಡಚುವುದು, ಬಂದವರಿಗೆ ಚಹಾ ಮಾಡುವುದು ಕುಸುಮಬಾಯಿಯ ಪಾಲು. ಇಪ್ಪತ್ತೈದು ವರ್ಷ ಹೀಗೇ ನಡೆಯಿತು.

೨೦೧೯ರಲ್ಲಿ ಆಕೆ ಸೋಲಾಪುರದ ತಮ್ಮನ ಮನೆಗೆ ಹೋಗಿ ಹದಿನೈದು ದಿನ ಇದ್ದು, ಬಟ್ಟೆಯ ಮೇಲೆ ನೇರವಾಗಿ ಅಚ್ಚು ಹಾಕುವ ಡಿಜಿಟಲ್ ಯಂತ್ರದ ಕೆಲಸ ಕಲಿತಳು. ತವರಿನವರ ನೆರವಿನಿಂದ ಯಂತ್ರವೂ ಬಂತು. ಚೌಕಟ್ಟಿನ ಕೆಲಸದಲ್ಲಿ ಬಣ್ಣಕ್ಕೊಂದು ಚೌಕಟ್ಟು ಬೇಕು, ಒಂದೇ ಅಂಗಿಗಾಗಿ ಯಾರೂ ಅಷ್ಟು ಶ್ರಮ ಪಡುವುದಿಲ್ಲ. ಯಂತ್ರದಲ್ಲಾದರೋ ಮೊಬೈಲಿನಲ್ಲಿದ್ದ ಅಜ್ಜಿಯ ಫೋಟೋ ನಗುವಿನ ಗೆರೆಗಳ ಸಹಿತ ಒಂದೇ ಅಂಗಿಯ ಮೇಲೆ ಇಳಿಯುತ್ತಿತ್ತು. ಹುಡುಗ ಹುಡುಗಿಯರು ಮೆಟ್ಟಿಲೇರುತ್ತಲೇ ಕುಸುಮಬಾಯಿಯನ್ನೇ ಕೇಳತೊಡಗಿದರು: "ಕಾಕೂ ಇದ್ದಾರೇನ್ರಿ?"

ಆ ಪ್ರಶ್ನೆ ರೇವಣಸಿದ್ಧನಿಗೆ ಮುಳ್ಳಾಯಿತು. "ಗುಂಡಿ ಒತ್ತೂದೂ ಒಂದು ಕಸಬೇನು?" ಎಂದು ಬಂದವರ ಮುಂದೆಯೇ ಅನ್ನುತ್ತಿದ್ದ.

"ಹಂಗಾದ್ರ ನೀವೇ ಒತ್ರಿ," ಎನ್ನುವಳು ಆಕೆ. "ಇಷ್ಟು ವರ್ಷ ನಿಮ್ಮನ್ನ ಕೇಳ್ಕೊಂಡು ಬಂದೋರಿಗೆ ನಾ ಚಾ ಕೊಟ್ಟೀನಿ. ಈಗ ನೀವು ನಾಕು ದಿನ ಕೊಡ್ರಿ."

ಒಂದು ದಿನ ನನ್ನೆದುರು ಅವನು ಬಾಯಿ ಬಿಟ್ಟ. "ನಿಮ್ಮ ಮುಂದ ಸುಳ್ಳು ಯಾಕ್ರಿ ಮಾಸ್ತರ? ಹೊಟ್ಟಿ ಉರೀತದ. ನನ್ನ ಅಂಗಡ್ಯಾಗ ನನ್ನನ್ನೇ ಯಾರೂ ಕೇಳವಲ್ರು."

ಮರುವರ್ಷ ಜನವರಿಯಲ್ಲಿ ತುರೋರಿಯ ಮನ್ಮಥಪ್ಪ ನಲವತ್ತು ಕೇಸರಿ ಅಂಗಿಗಳ ಗಂಟು ತಂದ. ಉದಗೀರದ ಮಠಕ್ಕೆ ಕಾಲ್ನಡಿಗೆಯಲ್ಲಿ ಹೊರಟ ಭಕ್ತರ ದಿಂಡಿಗೆ ಅವನೇ ಮುಂದಾಳು. ಎಲ್ಲ ಅಂಗಿಗಳ ಬೆನ್ನಿಗೆ ಮಠದ ಚಿತ್ರ ಬೇಕಾಗಿತ್ತು. "ಪೂರಾ ಸೂತಿ ಅದ ಕಾಕೂ," ಎಂದ. ಹತ್ತಿಯದೇ ಎಂದು ಕುಸುಮಬಾಯಿ ನಂಬಿದಳು. ಯಂತ್ರದ ಬಣ್ಣ ಹತ್ತಿಯ ನೂಲಿನಲ್ಲಿ ನಿಲ್ಲುತ್ತದೆ, ಪಾಲಿಸ್ಟರ್ ಬೆರೆತರೆ ನಿಲ್ಲದು. ರೇವಣಸಿದ್ಧ ಒಂದು ಅಂಗಿಯನ್ನು ಮುಷ್ಟಿಯಲ್ಲಿ ಹಿಂಡಿ ಬಿಟ್ಟ. ಹತ್ತಿಗೆ ಬೀಳುವ ಸುಕ್ಕು ಬೀಳಲಿಲ್ಲ. ಹೆಂಡತಿಯ ಮುಖ ನೋಡಿದ, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ.

ಚಿತ್ರಗಳು ಬಲು ಸೊಗಸಾಗಿ ಬಂದವು. ಅಂಗಿಗಳನ್ನು ಒಯ್ದ ಐದನೆಯ ದಿನ ನಾನು ಅಂಗಡಿಯಲ್ಲಿ ಕುಳಿತಿದ್ದಾಗ ಮನ್ಮಥಪ್ಪ ನಿಲಂಗಾದಿಂದ ಬಸ್ಸು ಹತ್ತಿ ವಾಪಸು ಬಂದ. ಅಲ್ಲಿನ ಮುಕ್ಕಾಮಿನಲ್ಲಿ ಅಂಗಿಗಳನ್ನು ಒಗೆದಿದ್ದರಂತೆ. ಅವನು ಹರಡಿದ ಅಂಗಿಗಳಲ್ಲಿ ಮಠವಿರಲಿಲ್ಲ, ಮಸಿಯ ಮೋಡವಿತ್ತು.

"ಏನು ಕಾಕೂ, ದೇವರ ಕೆಲಸದಾಗೂ ಹಿಂಗ? ಕಲೀದೆ ಯಾಕ ಕುಂತ್ರಿ ಮಷೀನಿನ ಮುಂದ?"

ಬೀದಿಯ ಜನ ಸೇರಿದರು. ಕುಸುಮಬಾಯಿ ತಲೆ ತಗ್ಗಿಸಿ, "ನಂದೇ ತಪ್ಪಾಗ್ಯಾದ್ರಿ," ಎಂದಳು. ರೇವಣಸಿದ್ಧ ಬಹಳ ದಿನಗಳಿಂದ ಕಾಯುತ್ತಿದ್ದುದು ಇಂಥ ಗಳಿಗೆಯನ್ನೇ ಇರಬೇಕು. ಆದರೆ ಅವನ ಮುಖದಲ್ಲಿ ಗೆಲುವು ಕಾಣಲಿಲ್ಲ. ಎದ್ದು ಬಂದು ಅಂಗಿಯನ್ನು ಕೈಗೆತ್ತಿಕೊಂಡ.

"ಆಕಿಗಿ ಅನಬ್ಯಾಡ, ಮನ್ಮಥಪ್ಪ. ಇದು ಸೂತಿ ಅಲ್ಲ. ಮುಟ್ಟಿದಾಗೇ ನನಗ ಗೊತ್ತಾಗಿತ್ತು. ನಾ ಹೇಳ್ಲಿಲ್ಲ."

"ಯಾಕ ಹೇಳ್ಲಿಲ್ಲ?" ಎಂದು ಕೇಳಿದವಳು ಕುಸುಮಬಾಯಿ. ಆ ದನಿಯನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ಅವನು ನನ್ನತ್ತ ನೋಡಿದ. ಹೇಳಬೇಕಾದವನು ಅವನೇ ಎಂದು ನಾನು ಕುಸುಮಬಾಯಿಯತ್ತ ಕೈ ತೋರಿದೆ.

"ಎಲ್ಲಾರೂ ನಿನ್ನೇ ಕೇಳ್ತಾರಂತ," ಎಂದ ಮೆಲ್ಲಗೆ.

ಆ ಮಧ್ಯಾಹ್ನವೇ ಚೌಕಟ್ಟು, ಪಾಲಿಸ್ಟರಿಗೂ ಹಿಡಿಯುವ ದಪ್ಪ ಬಣ್ಣ ಹೊತ್ತುಕೊಂಡು ಅವನು ಮನ್ಮಥಪ್ಪನೊಡನೆ ನಿಲಂಗಾಕ್ಕೆ ಹೋಗಿ, ಮಸುಕಾದ ಚಿತ್ರಗಳ ಮೇಲೆ ಮಠದ ಹೆಸರನ್ನು ದಪ್ಪಕ್ಷರಗಳಲ್ಲಿ ಅಚ್ಚು ಹಾಕಿ ಬಂದ. ಕುಸುಮಬಾಯಿ ಒಂಬತ್ತು ದಿನ ಅವನೊಡನೆ ಮಾತಾಡಲಿಲ್ಲ. ಹತ್ತನೆಯ ದಿನ ಯಂತ್ರದ ಜೊತೆ ಬಂದಿದ್ದ ಸಿಂಪಡಿಕೆ ಪಿಚಕಾರಿಯನ್ನು ಅವನ ಮುಂದಿಟ್ಟು, "ಇನ್ನ ಮ್ಯಾಲ ಬಟ್ಟಿ ನಿಮ್ಮ ಕೈ ದಾಟಿದ ಮ್ಯಾಲೇ ಮಷೀನಿಗಿ," ಎಂದಳು.

ಬಣ್ಣದ ಬಟ್ಟೆಗೆ ಅಚ್ಚಿನ ಮೊದಲು ಒಂದು ದ್ರಾವಣವನ್ನು ಎಲ್ಲೆಡೆ ಒಂದೇ ಸಮನಾಗಿ ಸಿಂಪಡಿಸಿ, ಬಿಸಿ ಪ್ರೆಸ್ಸಿನಲ್ಲಿ ಒಣಗಿಸಬೇಕು. ಹೆಚ್ಚಾದರೆ ಕಲೆ, ಕಡಿಮೆಯಾದರೆ ಬಣ್ಣ ನಿಲ್ಲದು. ಈಗ ರೇವಣಸಿದ್ಧನ ಕೆಲಸ ಅದೇ. ಹೊಟ್ಟೆಯ ಉರಿ ಆರಿದೆ ಎಂದು ಹೇಳಲಾರೆ. ಯಾರಾದರೂ ಚಿತ್ರವನ್ನು ಹೊಗಳಿದರೆ, "ಬಣ್ಣ ನಿಂತದಲ್ಲ, ಅದು ಹೇಳ್ರಿ," ಎನ್ನುತ್ತಾನೆ.

ಕಳೆದ ಮಂಗಳವಾರ ಹೋದಾಗ ಉದಗೀರದ ಕಾಲೇಜಿನ ಕಪ್ಪು ಅಂಗಿಗಳು ಅವನ ಮುಂದಿದ್ದವು.

"ಆಯ್ತೇನ್ರಿ?" ಎಂದು ಒಳಗಿನಿಂದ ಕುಸುಮಬಾಯಿ ಕೂಗಿದಳು.

"ಇನ್ನಾ ಹಸಿ ಅದ, ತಡಿ!" ಎಂದ ಅವನು, ಆಕೆ ಇನ್ನೊಮ್ಮೆ ಕೇಳಲಿ ಎಂಬಂತೆ ಒಳಬಾಗಿಲತ್ತ ಕಿವಿಗೊಟ್ಟು. ನಾನು ಅಂಗಿ ಮುಟ್ಟಿ ನೋಡಿದೆ. ಅದು ಆಗಲೇ ಒಣಗಿತ್ತು.