ಹಗ್ಗದ ಇನ್ನೊಂದು ತುದಿ

ಏಳನೇ ಇಯತ್ತೆಗೇ ಶಾಲೆ ಬಿಟ್ಟವನು ನಾನು. ಕಥೆ ಕಟ್ಟುವ ವಿದ್ಯೆ ನನಗಿಲ್ಲ. ದುಡಿದು ತಿನ್ನುವುದು ಗೊತ್ತು, ಅಷ್ಟೇ. ಇದು ನನಗೂ ನನ್ನ ಹೆಂಡತಿ ಕಸ್ತೂರಿಗೂ ನಡೆದದ್ದು. ನಂಬದವರು ನಂಬುವುದು ಬೇಡ. ಆದರೆ ಸುಳ್ಳು ಅನ್ನಬೇಡಿ.

ಹಳಿಯಾಳದಲ್ಲಿ ನಮ್ಮದು ಗಾದಿ, ಅಂದರೆ ಹತ್ತಿ ಹಾಸಿಗೆಯ ಕೆಲಸ. ಅವಳು ಹೊಲಿಯುತ್ತಾಳೆ, ನಾನು ನನ್ನ ಸಣ್ಣ ಗೂಡ್ಸ್ ಗಾಡಿಯಲ್ಲಿ ಸಾಗಿಸುತ್ತೇನೆ. ಆ ಚಳಿಗಾಲ ಗಣೇಶಗುಡಿಯ ಒಂದು ಹೋಮ್‌ಸ್ಟೇಗೆ ಗಾದಿ ಇಳಿಸಿ ಇಬ್ಬರೂ ಹೊರಟಾಗ ಕತ್ತಲಾಗಿತ್ತು. ಕಾಳಿ ನದಿಯಿಂದ ಮಂಜು ಏಳುತ್ತಿತ್ತು. ರಾತ್ರಿ ಆ ದಾರಿಗೆ ಗಾಡಿಗಳೂ ಕಡಿಮೆ.

ಕಾಡಿನೊಳಗೆ ಬಂದ ಮೇಲೆ ಎಕ್ಸಲರೇಟರ್ ಕೇಬಲ್ ಕಚ್ಚಿಕೊಂಡಿತು. ಒತ್ತಿದ ಪೆಡಲ್ ಮೇಲೆ ಬರಲೊಲ್ಲದು. ಎಂಜಿನ್ ಒಂದೇ ಸಮನೆ ಅರಚತೊಡಗಿತು. ಚಾವಿ ತಿರುಗಿಸಿ ಬಂದ್ ಮಾಡಿದೆ. ಎಣ್ಣೆ ಬಿಟ್ಟೆ, ಜಗ್ಗಿದೆ... ಒಳಗಿನ ತಂತಿ ಎಳೆ ಬಿಚ್ಚಿತ್ತು, ಚಳಿಗೆ ಗ್ರೀಸ್ ಗಟ್ಟಿಯಾಗಿ ಕೂತಿತ್ತು.

"ವಾಪಸ್ ಗಣೇಶಗುಡಿಗೆ ನಡಕೋತ ಹೋಗೂಣ್ರಿ. ಮುಂಜಾನೆ ಮಿಸ್ತ್ರಿನ್ನ ಕರಸೂಣು," ಅಂದಳು ಕಸ್ತೂರಿ.

"ನನ್ನ ಗಾಡಿಗೆ ಮಿಸ್ತ್ರಿ ಯಾಕ? ನಾ ಇಲ್ಲೇನು?"

ಎಂಜಿನ್ ಇರುವುದು ಸೀಟಿನ ಕೆಳಗೆ. ಪಕ್ಕದ ಸೀಟು ಎತ್ತಿ, ಕೇಬಲ್ ಕಳಚಿ, ಅದು ಎಳೆಯುತ್ತಿದ್ದ ಕಡ್ಡಿಗೆ ನೈಲಾನ್ ಹಗ್ಗ ಕಟ್ಟಿ ಹಿಂದಿನ ಕಿಟಕಿಯಿಂದ ಹೊರಗೆ ಬಿಟ್ಟೆ. ಎಳೆದರೆ ವೇಗ, ಬಿಟ್ಟರೆ ನಿಧಾನ. ಒಳಗೆ ಕೂರಲು ಜಾಗವಿಲ್ಲದ್ದರಿಂದ ಕಸ್ತೂರಿ ಹಿಂದೆ, ಸಾಮಾನು ಹಾಕುವ ಖಾಲಿ ಬಾಡಿಯಲ್ಲಿ ನಿಂತು ಹಗ್ಗದ ತುದಿ ಹಿಡಿದಳು.

"ಎಳಿ ಅಂದ್ರ ಎಳಿ, ಬಿಡು ಅಂದ್ರ ಬಿಡು. ಕೇಳಿಸಿದ ಗುರ್ತಿಗೆ ಹೂಂ ಅನ್ನು."

"ಹಂಗಾರ ಗಾಡಿ ಹೊಡಿಯಾಕಿ ನಾನು. ನೀವು ಬರೇ ಸ್ಟೇರಿಂಗ್ ಹಿಡಕೊಂಡು ಕುಂಡ್ರಾವ್ರು!" ಎಂದು ನಕ್ಕಳು.

ಎಳಿ... ಹೂಂ. ಬಿಡು... ಹೂಂ. ಚೆನ್ನಾಗಿಯೇ ಸಾಗಿತು.

ಒಂದು ಕಡೆ ಗಾಲಿ ದೊಡ್ಡ ತಗ್ಗಿಗೆ ಬಿದ್ದು ಗಾಡಿ ಜಿಗಿಯಿತು.

"ಆರಾಮ ಅದಿಯೇನ?" ಕೂಗಿದೆ.

"ಹೂಂ."

ಅಲ್ಲಿಂದ ಮುಂದೆ ಕೆಲಸ ಇನ್ನೂ ಚೊಕ್ಕವಾಯಿತು. ನಾನು ಹೇಳುವ ಮೊದಲೇ ಏರಿಗೆ ಹಗ್ಗ ಬಿಗಿಯುತ್ತಿತ್ತು, ತಿರುವಿಗೆ ಸಡಿಲುತ್ತಿತ್ತು.

"ಭಲೇ ಕಸ್ತೂರಿ!"

"ಹೂಂ." ಈ ಸಲ ಕಿವಿಯ ಹತ್ತಿರವೇ ಬಂತು. ಜೊತೆಗೆ ನದಿಯ ತಳದ ಕೆಸರಿನ ವಾಸನೆ...

ಇಳಿಜಾರು ಬಂತು. "ಬಿಡು." ಹಗ್ಗ ಬಿಗಿಯಿತು.

"ಬಿಡು ಅಂದ್ನಿ!"

"ಹೂಂ."

ಎಂಜಿನ್ ಚೀರಿತು. ಚಾವಿ ತಿರುಗಿಸಿ, ಎರಡೂ ಕಾಲಲ್ಲಿ ಬ್ರೇಕ್ ತುಳಿದು ನಿಲ್ಲಿಸಿದೆ. ಬೈಯುತ್ತಲೇ ಇಳಿದು ಹಿಂದೆ ಹೋದೆ.

ಬಾಡಿ ಖಾಲಿ. ಹಗ್ಗ ಮಾತ್ರ ಯಾರೋ ಹಿಡಿದಂತೆ ಗಾಳಿಯಲ್ಲಿ ನೆಟ್ಟಗೆ ನಿಂತಿತ್ತು. ನಾನು ನೋಡುತ್ತಿದ್ದಂತೆ ಮೆಲ್ಲಗೆ ಕೆಳಗಿಳಿಯಿತು.

ಆ ತಗ್ಗು ನೆನಪಾಯಿತು. ಟಾರ್ಚ್ ಹಿಡಿದು ಬಂದ ದಾರಿಗೇ ಓಡಿದೆ. "ಕಸ್ತೂರೀ..."

"ಹೂಂ." ರಸ್ತೆಯಿಂದಲ್ಲ, ಬಲಗಡೆ ಕಾಡಿನೊಳಗಿಂದ. ಅವಳದೇ ದನಿ. ನುಗ್ಗಿದೆ. ಕರೆದಷ್ಟೂ ಉತ್ತರ, ನಡೆದಷ್ಟೂ ದೂರ... ಬೆಳಗಿನ ಜಾವ ನದಿಯಲ್ಲಿ ಎದೆಮಟ್ಟ ನಿಂತಿದ್ದ ನನ್ನನ್ನು ಫಾರೆಸ್ಟ್ ಗಾರ್ಡ್ ಒಬ್ಬ ದಡಕ್ಕೆ ಎಳೆದುಕೊಂಡ.

ಕಸ್ತೂರಿ ಆ ತಗ್ಗಿನ ಪಕ್ಕದಲ್ಲೇ ಸೊಂಟ ಮುರಿದುಕೊಂಡು ರಾತ್ರಿಯಿಡೀ ಬಿದ್ದಿದ್ದಳು. ಜೀವವೊಂದು ಉಳಿಯಿತು.

ದವಾಖಾನೆಯಲ್ಲಿ ನನ್ನನ್ನು ಕಂಡು ಮುಖ ತಿರುಗಿಸಿದಳು.

"ರಾತ್ರಿ ಬಂದಿದ್ರಲ್ಲ. ಟಾರ್ಚಿನ ಬೆಳಕು ಬಿಟ್ಟು ನನ್ನ ಮಾರಿ ನೋಡಿದ್ರಿ. ನೀರು ಕೊಡ್ರಿ ಅಂದೆ, ಕೈ ಮುಗದೆ. ಬಾಜೂಕ ಕುಂತು, ನಾ ಅಳೂದು ನಿಲ್ಲೂಮಟ ನೋಡಿದ್ರಿ. ಆಮ್ಯಾಲ ನಕ್ಕು ಹೊಂಟ್ರಿ."

"ನಾ ಅಲ್ಲ ಕಸ್ತೂರಿ. ದೇವ್ರಾಣಿ, ನಾ ಅಲ್ಲಿಗೆ ಬಂದೇ ಇಲ್ಲ."

"ಇಷ್ಟ ವರ್ಷ ನಿಮ್ಮ ಕೂಡ ಬಾಳೇವ ಮಾಡೇನಿ. ನಿಮ್ಮ ಮಾರಿ ನನಗ ಗೊತ್ತಿಲ್ಲೇನು?"

ಈಗ ಕೋಲು ಹಿಡಿದು ನಡೆಯುತ್ತಾಳೆ. ಗಾದಿ ಹೊಲಿಯುತ್ತಾಳೆ, ನನಗೆ ಬಡಿಸುತ್ತಾಳೆ. ರಾತ್ರಿ ಮಾತ್ರ ಎದ್ದು ಕೂತು, ಮಲಗಿರುವ ನನ್ನ ಮುಖವನ್ನೇ ನೋಡುತ್ತಿರುತ್ತಾಳೆ. ನಿದ್ದೆಗಣ್ಣಲ್ಲಿ ಎಲ್ಲಿ ನಕ್ಕುಬಿಡುತ್ತೇನೋ ಎಂದು ಹೆದರಿ, ನಾನೂ ಬೆಳಗಿನವರೆಗೆ ನಿದ್ದೆ ಮಾಡುವುದಿಲ್ಲ...