ತೊಟ್ಟಿಯ ಗೋಡೆಯ ನೊರೆ

ಅತ್ತೆಯ ಮೇಲ್ತುಟಿ ಎಡಕ್ಕೆ ಸೊಟ್ಟಗಿತ್ತು. ಜೀವನವಿಡೀ ಎಲ್ಲರನ್ನೂ ಕೀಳಾಗಿ ನೋಡಿ ನೋಡಿ ಅದು ಹಾಗೇ ನಿಂತುಬಿಟ್ಟಿತೆಂದು ನನ್ನ ಗಂಡ ಹೇಳುತ್ತಿದ್ದರು. ಕುಷ್ಟಗಿ ಕಡೆಯ ಒಣ ಊರಿನಲ್ಲಿ ಕೊಡ ಹೊತ್ತು ಬೆಳೆದವರು. ಮಗನ ಜೊತೆ ಬಂದು ಸೇರಿದ ಸಿದ್ದಾಪುರದ ಕಾಲುವೆ ನೀರು, ಇಲ್ಲಿನ ಅನ್ನ, ಇಲ್ಲಿಯವಳೇ ಆದ ನಾನು, ಯಾವುದೂ ಅವರಿಗೆ ಸೇರುತ್ತಿರಲಿಲ್ಲ. "ಈ ಊರಾಗ ಮಂದಿಗಿಂತ ಕಪ್ಪಿ ಜಾಸ್ತಿ. ಮಂದೀನೂ ಅಂಥವರ," ಎನ್ನುತ್ತಿದ್ದರು.

ಎಲ್ಲಕ್ಕಿಂತ ಕೀಳಾಗಿ ಕಂಡದ್ದು ಬಚ್ಚಲಿನ ಮರಗಪ್ಪೆಯನ್ನು. ಹೆಬ್ಬೆರಳಿನಷ್ಟು ದೇಹ. ಹಗಲಿಡೀ ಕಾಲು ಮಡಚಿ, ಸುಣ್ಣದ ಬಣ್ಣಕ್ಕೆ ತಿರುಗಿ ಗೋಡೆಗೆ ಅಂಟಿಕೊಂಡಿರುತ್ತಿತ್ತು. ದೀಪ ಹಚ್ಚುವ ಹೊತ್ತಿಗೆ ಕಂದು ಬಣ್ಣವಾಗಿ ಕಿಟಕಿಯಿಂದ ಹೊರಬೀಳುತ್ತಿತ್ತು. ಬೆಳಿಗ್ಗೆ ಮತ್ತೆ ಅದೇ ಜಾಗ. ಹಿಡಿಯಹೋದರೆ ಕೈಮೇಲೆ ಉಚ್ಚೆ. "ಹಗಲೆಲ್ಲ ಮಲಗೂದು, ಸಂಜಿಕ ತಿರಗಾಕ ಹೋಗೂದು. ನಾಲಾಯಕ! ನಿನ್ನ ಗಂಡನ ಖಾಸಾ ತಮ್ಮ," ಎಂದು ನನಗೆ ಹೇಳುತ್ತಿದ್ದರು. ಅವರ ಮಗನಿಗೆ ಅಕ್ಕಿ ಗಿರಣಿಯಲ್ಲಿ ರಾತ್ರಿ ಪಾಳಿ.

ನಾನು ಮದುವೆಯಾಗಿ ಬಂದ ವರ್ಷದ ಮಳೆಗಾಲ. ಬಚ್ಚಲಿನ ತೊಟ್ಟಿಯ ಒಳಗೋಡೆಗೆ, ನೀರಿಗಿಂತ ಗೇಣು ಮೇಲೆ, ಮುಷ್ಟಿಯಷ್ಟು ಬಿಳಿ ನೊರೆ ಅಂಟಿತ್ತು.

"ತೊಟ್ಟ್ಯಾಗ ಸಾಬೂನು ತಿಕ್ಕೀಯಲ್ಲ, ನಿಮ್ಮವ್ವ ಇದನ್ನ ಕಲಿಸ್ಯಾಳೇನು?"

"ನಾನಲ್ರಿ ಅತ್ತಿ."

"ಮತ್ಯಾರು, ಆ ಕಪ್ಪಿ ಜಳಕಾ ಮಾಡೈತೇನು? ತೊಳಿ."

ನಾನು ತೊಳೆಯಲಿಲ್ಲ. ತೊಳೆದರೆ ಮಾಡದ ತಪ್ಪನ್ನು ಒಪ್ಪಿಕೊಂಡಂತೆ. ಅವರೂ ಮುಟ್ಟಲಿಲ್ಲ. ಮೂರು ದಿನ ನನ್ನ ಕೈಯ ನೀರು ಕುಡಿಯಲಿಲ್ಲ. ಮಂಡಿ ಹಿಡಿದುಕೊಂಡು ತಾವೇ ಎದ್ದು ಕೊಡ ಬಗ್ಗಿಸಿಕೊಂಡರು. ಇನ್ನು ಈ ಮನೆ ಸಾಕೆಂದು ನಾನು ತವರಿಗೆ ಹೋಗಲು ಬಟ್ಟೆ ಮಡಿಸಿಟ್ಟೆ.

ನಾಲ್ಕನೆಯ ಬೆಳಿಗ್ಗೆ ಆ ನೊರೆ ಕರಗುತ್ತಿತ್ತು. ಅದರೊಳಗಿಂದ ಬಾಲದ ಕಪ್ಪೆಮರಿಗಳು ಒಂದೊಂದಾಗಿ ನೀರಿಗೆ ಉದುರುತ್ತಿದ್ದವು. ಅತ್ತೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದರು. ತುಟಿ ಸೊಟ್ಟಗೇ ಇತ್ತು.

"ತಾ ಮಾಡಿ ನನ್ನ ಸೊಸಿ ಮ್ಯಾಲ ಹಾಕೈತಿ ನೋಡು, ಕಳ್ಳಿ!"

'ನನ್ನ ಸೊಸಿ' ಎಂದದ್ದು ಅಂದೇ ಮೊದಲು. ಮರಿಗಳನ್ನು ಚರಿಗೆಯಲ್ಲಿ ತುಂಬಿಕೊಂಡು ಹೋಗಿ ಗದ್ದೆಯ ನೀರಿಗೆ ಬಿಟ್ಟು ಬಂದರು. ಕಟ್ಟೆಯ ಮೇಲೆ ಕೂತು ನನ್ನತ್ತ ಕೈ ಚಾಚಿದರು. "ನೀರ ಕೊಡವಾ."

ಕೊನೆಯ ದಿನಗಳಲ್ಲಿ ಚಮಚದಿಂದ ಅವರ ಬಾಯಿಗೆ ನೀರು ಹಾಕಿದವಳೂ ನಾನೇ. ಈ ಮಳೆಗಾಲಕ್ಕೆ ಅವರಿಲ್ಲ. ಕಪ್ಪೆ ಇದೆ. ಅಂಥವರು ಹೋಗಿ ಇಂಥದ್ದು ಉಳಿಯಿತಲ್ಲ ಎಂದು ಅದನ್ನು ಕಂಡರೆ ನನಗೆ ಅಸಹ್ಯ. ದಿನಕರ್ಮಕ್ಕೆ ಬಂದ ನಾದಿನಿ ಬಚ್ಚಲಿನಿಂದ ಕೂಗಿದಳು: "ವೈನಿ, ತೊಟ್ಟ್ಯಾಗ ಸಾಬೂನಿನ ನೊರಿ ಯಾರ ಬಿಟ್ಟಾರ? ತೊಳದಬಿಡ್ಲೇನು?"

"ಮುಟ್ಟಬ್ಯಾಡವಾ."

ನೊರೆ ಕರಗುವವರೆಗೆ ಎರಡು ದಿನ ಕಾದೆ. ಅತ್ತೆಯ ಚರಿಗೆಯಲ್ಲೇ ಮರಿಗಳನ್ನು ಗದ್ದೆಗೆ ಒಯ್ದು, "ಹೋಗ್ರಿ, ನಾಲಾಯಕರ!" ಎಂದು ಬೈದು ಬಿಟ್ಟೆ.