ಕುತ್ತಿಗೆಯ ಕಪ್ಪು

ಆ ವರ್ಷ ಬಳ್ಳಾರಿಯ ಬೇಸಿಗೆ ಶುರುವಾದರೂ ಆರನೇ ತರಗತಿಯ ನನ್ನ ಮಗಳು ಕುತ್ತಿಗೆಗೆ ಸುತ್ತಿದ ದುಪಟ್ಟಾ ಬಿಚ್ಚುತ್ತಿರಲಿಲ್ಲ. ಕೇಳಿದರೆ ಮಾತು ಮರೆಸುತ್ತಿದ್ದಳು. ನಾನು ಕುರುಗೋಡಿನಲ್ಲಿ ಶಾಲಾ ಶಿಕ್ಷಕಿ. ಬೆಳಿಗ್ಗೆ ಬಸ್ಸು ಹತ್ತಿದರೆ ಮನೆ ಸೇರುವುದು ಸಂಜೆಗೆ. ಕಾರಣ ಗೊತ್ತಾದದ್ದು ರಜೆಗೆ ಅವಳನ್ನು ಸಿರುಗುಪ್ಪದ ನನ್ನ ತವರಿನಲ್ಲಿ ಬಿಟ್ಟ ಮೇಲೆ.

ಒಂದು ಭಾನುವಾರ ಹೋದಾಗ ಅವ್ವ ಬಚ್ಚಲಲ್ಲಿ ಮೊಮ್ಮಗಳನ್ನು ಕೂರಿಸಿಕೊಂಡು, ಕಡಲೆಹಿಟ್ಟು, ನಿಂಬೆರಸ ಹಚ್ಚಿ ಕುತ್ತಿಗೆ ತಿಕ್ಕುತ್ತಿದ್ದಳು. ಸುತ್ತಲಿನ ಚರ್ಮ ಕೆಂಪೇರಿತ್ತು. ಕುತ್ತಿಗೆಯ ಹಿಂದಿನ ಕಪ್ಪು ಪಟ್ಟಿ ಮಾತ್ರ ಹಾಗೇ ಇತ್ತು.

“ಸಾಲ್ಯಾಗ ಇಕಿ ಮೈ ತೊಳ್ಕೊಳ್ಳಲ್ಲ ಅಂತಾರಂತ,” ಅಂದಳು ಅವ್ವ. “ಎಷ್ಟು ತಿಕ್ಕಿದ್ರೂ ಹೋಗವಲ್ದು.”

“ಇನ್ನೊಂದ್ಸಲ ತಿಕ್ಕಜ್ಜಿ,” ಅಂದಳು ಮಗಳು. ಅವಳು ಅಳುತ್ತಿರಲಿಲ್ಲ. ನನಗೇ ತಡೆಯಲಾಗದೆ ಚೊಂಬು ತೆಗೆದುಕೊಂಡು ನೀರು ಹಾಕಿ ಎಬ್ಬಿಸಿದೆ.

ಬಳ್ಳಾರಿಗೆ ಬಂದು ಮಕ್ಕಳ ಡಾಕ್ಟರ ಬಳಿ ಹೋದೆವು. ಅವ್ವನೂ ಹಟ ಹಿಡಿದು ಬಂದಳು. ಡಾಕ್ಟರಮ್ಮ ದುಪಟ್ಟಾ ಸರಿಸಿ ನೋಡಿ, ನನಗಿಂತ ಮೊದಲು ಮಗಳಿಗೆ ಹೇಳಿದರು.

“ಇದು ಹೊಲಸಲ್ಲ ತಾಯಿ, ತಿಕ್ಕಬ್ಯಾಡ. ಮೈಯಾಗ ಇನ್ಸುಲಿನ್ ಹೆಚ್ಚಾದ್ರ ಚರ್ಮ ಹಿಂಗ ದಪ್ಪಾಗಿ ಕಪ್ಪಾಗತೈತಿ.”

ಮಗಳು ದುಪಟ್ಟಾವನ್ನು ಮಡಿಲಲ್ಲೇ ಇಟ್ಟುಕೊಂಡಳು. ಡಾಕ್ಟರಮ್ಮನ ಕಣ್ಣು ಅವ್ವನ ಮೇಲೆ ಬಿತ್ತು. “ಸೆರಗು ಒಂದೀಟು ಸರಸ್ತೀರೇನಮ್ಮ?”

ಅಲ್ಲೂ ಅದೇ ಕಪ್ಪು. ಅವ್ವ ಎಷ್ಟೋ ವರ್ಷಗಳಿಂದ ಸಕ್ಕರೆ ಕಾಯಿಲೆಯ ಮಾತ್ರೆ ನುಂಗುತ್ತಿದ್ದವಳು. “ಸರ ತಿಕ್ಕಿ ಆಗೇತಂತ ತಿಳ್ಕೊಂಡಿದ್ದೆನವ್ವ,” ಅಂದಳು, ಮೆಲ್ಲಗೆ.

ಮಗಳ ತೂಕ ವಯಸ್ಸಿಗೆ ಮೀರಿತ್ತು. ರಕ್ತ ಪರೀಕ್ಷೆ ಮಾಡಿಸಿದಾಗ ಸಕ್ಕರೆ ಇನ್ನೂ ಹದ್ದು ಮೀರಿರಲಿಲ್ಲ, ಇನ್ಸುಲಿನ್ ಮಾತ್ರ ಏರಿತ್ತು. ಸಕ್ಕರೆಯನ್ನು ಹದದಲ್ಲಿಡುವ ಇನ್ಸುಲಿನ್ ಮಾತನ್ನು ಮೈ ಕೇಳದಾದಾಗ ಆ ಇನ್ಸುಲಿನ್ನೇ ಇನ್ನಷ್ಟು ಒಸರುತ್ತದಂತೆ. ಆಮೇಲೆ ಡಾಕ್ಟರಮ್ಮ ಒಂದು ಸಂಶೋಧನೆಗೆಂದು ಇನ್ನೊಂದು ನಳಿಕೆ ರಕ್ತ ಕೇಳಿದರು. ಅವರು ವಿವರಿಸಿದ್ದು ಇಷ್ಟು: ಮೈಯ ಕೊಬ್ಬು ಸುಮ್ಮನೆ ಕೂತಿರುವ ಗಂಟು ಅಲ್ಲ, ಅದೂ ರಕ್ತಕ್ಕೆ ಪ್ರೋಟೀನುಗಳನ್ನು ಬಿಡುತ್ತದೆ. ಕೆಲವು ಇನ್ಸುಲಿನ್‌ಗೆ ನೆರವಾಗುತ್ತವೆ, ಕೆಲವು ಅಡ್ಡ ಬರುತ್ತವೆ. ಮಕ್ಕಳಲ್ಲಿ ಬೊಜ್ಜು ಬೆಳೆದಂತೆ ನೆರವಿನವು ಕುಗ್ಗಬಹುದು. ಯಾವ ಮಗುವಿಗೆ ಮುಂದೆ ಸಕ್ಕರೆ ಕಾಯಿಲೆ ಬರಬಹುದೆಂದು ಆ ಪ್ರೋಟೀನುಗಳಿಂದಲೇ ಮೊದಲೇ ತಿಳಿದೀತೇ ಎಂಬುದು ಅವರ ಹುಡುಕಾಟ.

“ಇದರ ವರದಿ ನಿಮಗ ಬರಲ್ಲ. ನಿಮ್ಮ ಹುಡುಗಿಗೆ ಈಗ ಇದರಿಂದ ಉಪಯೋಗನೂ ಇಲ್ಲ. ಬ್ಯಾಡಂದ್ರ ಬಿಡ್ರಿ,” ಅಂದರು.

“ಉಪಯೋಗ ಇಲ್ಲಂದ್ರ ಕೂಸಿನ ರಕ್ತ ಯಾಕ ಕೊಡಬೇಕು?” ಅವ್ವ ಕೇಳಿದಳು. ನನಗೂ ಹಾಗೇ ಅನಿಸಿತ್ತು.

“ನಾ ರಕ್ತ ಕೊಟ್ರ ಆಮ್ಯಾಲ ಬ್ಯಾರೆ ಹುಡುಗ್ರಿಗೆ ಹೊಲಸು ಅನ್ನಲ್ಲೇನ್ರಿ?” ಮಗಳು ಡಾಕ್ಟರಮ್ಮನನ್ನು ಕೇಳಿದಳು.

ಅವರು ಕುರ್ಚಿಯನ್ನು ಅವಳ ಕಡೆ ತಿರುಗಿಸಿಕೊಂಡರು. “ಅದಕ್ಕ ಪರೀಕ್ಷೆ ಬೇಕಿಲ್ಲ, ತಿಳಿಸಿ ಹೇಳಿದ್ರ ಸಾಕು. ಈ ರಕ್ತ ಮುಂದ ಕಾಯಿಲೆ ತಡಿಯಾಕ ಉಪಯೋಗ ಆಗಬಹುದು, ಆಗದೇನೂ ಇರಬಹುದು.”

ಮಗಳು ನನ್ನ ಮುಖ ನೋಡಿದಳು. ಆಗಲಿ ಎಂದು ತಲೆಯಾಡಿಸಿದೆ. ಅವಳು ಕೈ ಚಾಚಿದಳು.

ಹೊರಗೆ ಆಟೊ ಕಾಯುವಾಗ ಅವ್ವ, “ನಾನ ಉಣಿಸಿ ಉಣಿಸಿ ಹಿಂಗ ಮಾಡಿದೆನೇನ?” ಅಂದಳು. ಅನ್ನ ಒಂದೇ ಕಾರಣವಲ್ಲ, ನಮ್ಮ ವಂಶದಲ್ಲೇ ಇದು ಇದ್ದಿರಬೇಕು ಅಂದೆ. ಅದು ಅವಳಿಗೆ ಸಮಾಧಾನವೋ ಇನ್ನೂ ಭಾರವೋ, ನನಗೆ ಇವತ್ತಿಗೂ ತಿಳಿದಿಲ್ಲ.

ಉಳಿದ ರಜೆಯಲ್ಲಿ ಸಿರುಗುಪ್ಪಕ್ಕೆ ಮರಳಿ ಸಂಜೆಯ ಹೊತ್ತು ಅಜ್ಜಿ, ಮೊಮ್ಮಗಳು ಕಾಲುವೆಯ ದಂಡೆ ಹಿಡಿದು ನಡೆದರು. ಇಬ್ಬರ ತಟ್ಟೆಯಲ್ಲೂ ಅನ್ನ ಕಡಿಮೆಯಾಗಿ ಜೋಳದ ರೊಟ್ಟಿ, ಪಲ್ಯ ಬಂತು. ಮಗಳು ಕೆಲವು ದಿನ ಸಿಟ್ಟಾಗಿ ಉಣ್ಣದೆ ಎದ್ದದ್ದೂ ಉಂಟು. ಮುಂದಿನ ವರ್ಷದ ತಪಾಸಣೆಯಲ್ಲಿ ಅವಳ ತೂಕ ಇಳಿದಿರಲಿಲ್ಲ, ಎತ್ತರ ಹೆಚ್ಚಿತ್ತು, ಇನ್ಸುಲಿನ್ ಇಳಿದಿತ್ತು. ಕಪ್ಪು ತುಸು ತಿಳಿಯಾಗಿತ್ತು, ಅಷ್ಟೇ.

ಅಷ್ಟರಲ್ಲಿ ಅವಳು ತರಗತಿಯಲ್ಲಿ ಎಲ್ಲ ಹೇಳಿಬಿಟ್ಟಿದ್ದಳು. ಕೆಲವರು ನಕ್ಕರಂತೆ. ಒಬ್ಬ ಹುಡುಗಿ ಮಾತ್ರ ಊಟದ ಬಿಡುವಿನಲ್ಲಿ ಕಾಲರ್ ಸರಿಸಿ, “ನಂದೂ ಹಂಗ ಐತೇನ ನೋಡು,” ಅಂದಳಂತೆ. ಮರುದಿನ ಆಕೆಯ ತಾಯಿ ನನಗೆ ಫೋನ್ ಮಾಡಿ, ಆ ಡಾಕ್ಟರು ಎಲ್ಲಿ ಕೂರುತ್ತಾರೆಂದು ಕೇಳಿದರು.